ದುರಸ್ತಿಗೂ ಒಂದು ಶಾಸನ

ಶಾಶ್ವತವಾಗಿ ಉಳಿಯಬೇಕಾದುದನ್ನು ಕಲ್ಲಿನಲ್ಲಿ ಕಟ್ಟಬೇಕೆಂದು ನಂಬಿ ಬೆಳೆದವರು ನಾವು. ಹಿಮಾಚಲದ ಸ್ಪಿತಿ ಕಣಿವೆಯ ತಾಬೊ ಬೌದ್ಧವಿಹಾರ ಆ ನಂಬಿಕೆಯನ್ನು ಅಲುಗಿಸುತ್ತದೆ. ರನ್ನನು ‘ಅಜಿತಪುರಾಣ’ವನ್ನು ಮುಗಿಸಿದ ಮೂರು ವರ್ಷಗಳ ಬಳಿಕ, ಅಂದರೆ ಕ್ರಿ.ಶ. 996ರಲ್ಲಿ, ಗುಗೆ ರಾಜ್ಯದ ಅರಸ-ಸನ್ಯಾಸಿ ಯೇಶೆ ಓ ಸ್ಥಾಪಿಸಿದ ಈ ವಿಹಾರದ ಗೋಡೆ ಮಣ್ಣಿನದು, ಚಾವಣಿಯೂ ಮಣ್ಣಿನದು. ಸಭಾಮಂದಿರದ ಗೋಡೆಗೆ ಆತು ಕುಳಿತ ದೇವತಾಮೂರ್ತಿಗಳೂ ಜೇಡಿಮಣ್ಣಿನವೇ. 1975ರ ಭೂಕಂಪ ಇದನ್ನು ಘಾಸಿಗೊಳಿಸಿತು, ಕೆಡವಲಿಲ್ಲ.

ಒಳಗೋಡೆಯ ಬರಹವೊಂದು ನನ್ನನ್ನು ಬಹುವಾಗಿ ಕಾಡುತ್ತದೆ. ಸ್ಥಾಪನೆಯಾದ 46 ವರ್ಷಗಳಿಗೆ ಅದೇ ವಂಶದ ಜಂಗ್‌ಚುಬ್ ಓ ವಿಹಾರವನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಅದು ಹೇಳುತ್ತದೆ. ಕಟ್ಟಿದವನ ಜೊತೆಗೆ ದುರಸ್ತಿ ಮಾಡಿಸಿದವನನ್ನೂ ಅಲ್ಲಿ ನೆನೆದಿದ್ದಾರೆ. ಕಡತಗಳ ನಡುವೆ ಆಯುಷ್ಯ ಸವೆಸುತ್ತಿರುವ ನನ್ನಂಥವನಿಗೆ ಇದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆಯ ಫಲಕವುಂಟು. ಸೋರುವ ಮಾಳಿಗೆಯನ್ನು ಸಕಾಲದಲ್ಲಿ ಸರಿಪಡಿಸಿದವನಿಗೆ ಯಾವ ಫಲಕವೂ ಇಲ್ಲ.

ಮಣ್ಣಿನ ಮಾಳಿಗೆ ಒಣ ಹವೆಗೆ ಒಗ್ಗಿದ್ದು. ಹಿಮವನ್ನು ಗುಡಿಸಿ ಕೆಳಗೆ ತಳ್ಳಬಹುದು, ಮಳೆಯನ್ನು ತಳ್ಳಲಾಗದು. ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ಸಿಮೆಂಟು ಬಳಿದು ನಿಶ್ಚಿಂತರಾಗುವ ಆಸೆ ಸಹಜ. ಆದರೆ ಸಿಮೆಂಟು ಮಣ್ಣಿನೊಳಗಿನ ತೇವ ಹೊರಹೋಗದಂತೆ ತಡೆದು ಗೋಡೆಯನ್ನು ಒಳಗಿನಿಂದಲೇ ಕೊಳೆಸುತ್ತದೆ. ಆದ್ದರಿಂದ ತಾಬೊಗೆ ಒಮ್ಮೆ ಘೋಷಿಸಿ ಮರೆಯುವ ದೊಡ್ಡ ಯೋಜನೆಗಿಂತ, ಪ್ರತಿವರ್ಷ ತಪ್ಪದೆ ಬರುವ ಚಿಕ್ಕ ಅನುದಾನವೂ ಮಣ್ಣಿನ ಮರ್ಮ ಬಲ್ಲ ಸ್ಥಳೀಯ ಕೈಗಳಿಗೆ ಕೆಲಸವೂ ಬೇಕು. ಸಾವಿರ ವರ್ಷ ಈ ವಿಹಾರವನ್ನು ಕಾಯ್ದದ್ದು ಅಂಥ ಕೈಗಳೇ.