ಬಂಡೆಯ ಬೆಲೆಗೆ ಮುನ್ನ ಅದರ ಮೂಲ

ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲನ್ನು ನೆಲಕ್ಕೆ ಹಾಸಿ ತೃಪ್ತರಾಗುತ್ತಿದ್ದ ನಗರವಾಸಿಗಳಲ್ಲಿ ಕೆಲವರಿಗೆ ಈಗ ಕೈತೋಟದ ಅಂದಕ್ಕೆ ಇಡೀ ಬಂಡೆಯೇ ಬೇಕಾಗಿದೆ. ಒಂದು ಘನ ಮೀಟರ್ ಕಲ್ಲು ಸುಮಾರು 2.5 ಟನ್ ತೂಗುತ್ತದೆ. ಆದರೆ ಟ್ರ್ಯಾಕ್ಟರ್ ಮತ್ತು ಸರಪಳಿ ಇರುವಲ್ಲಿ ಆ ಭಾರವೂ ಅಡ್ಡಿಯಾಗದು.

ರೈತ ತನ್ನ ಹೊಲದ ಬಂಡೆಯನ್ನು ಬದುವಿಗೆ ಸರಿಸುವುದು ಬೇಸಾಯದ ಭಾಗ. ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಹಳ್ಳದ ಮತ್ತು ಕಾಡಿನ ಬಂಡೆಗಳ ಮಾತು ಬೇರೆ. ಅವು ದಂಡೆಯ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತವೆ. ಅವುಗಳ ಸಂದಿನ ತಂಪಿನಲ್ಲಿ ಹಾವು, ಹಲ್ಲಿ, ಚೇಳುಗಳು ಬಿರುಬೇಸಿಗೆಯನ್ನು ಕಳೆಯುತ್ತವೆ.

ಅದೇ ಜಿಲ್ಲೆಯ ಚಿಂಚೋಳಿಯಲ್ಲಿ 134.88 ಚದರ ಕಿಲೋಮೀಟರ್ ಅರಣ್ಯವನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನ ಕಲ್ಲೂ ಅರಣ್ಯ ಉತ್ಪನ್ನವೇ. ಮರದಂತೆ ಅದನ್ನೂ ಅನುಮತಿಯಿಲ್ಲದೆ ಸಾಗಿಸುವಂತಿಲ್ಲ.

ಆದರೆ ಅರಣ್ಯ ಸಿಬ್ಬಂದಿ ಪ್ರತಿಯೊಂದು ಬಂಡಿಜಾಡಿನಲ್ಲೂ ಕಾವಲು ನಿಲ್ಲುವುದು ಅಸಾಧ್ಯ. ಆದ್ದರಿಂದ ಹೊಣೆ ಕೊಳ್ಳುವವರದೂ ಆಗಿದೆ. ಬಂಡೆಯ ಬೆಲೆ ಕೇಳುವ ಮುನ್ನ ಅದು ಎಲ್ಲಿಯದೆಂದು ವಿಚಾರಿಸಲಿ. ಸಾಗಣೆ ಪರವಾನಗಿ ನೋಡಲಿ. ಮೂಲ ಹೇಳಲಾಗದ ಕಲ್ಲಿಗೆ ಗಿರಾಕಿಯೇ ಇಲ್ಲವೆಂದಾದರೆ, ಟ್ರ್ಯಾಕ್ಟರ್ ಕಾಡಿನತ್ತ ತಿರುಗಲು ಕಾರಣವೇ ಉಳಿಯದು.