ದುಡ್ಡು ಕೊಟ್ಟವನಿಗೇ ಬೀಗ



ಅಪ್ಪ ಈ ಸಲ ಬೆಂಗಳೂರಿನಿಂದ ಅಮೆರಿಕಕ್ಕೆ ಬಂದಾಗ ಚಟ್ನಿಪುಡಿ, ಹುರಿಗಾಳಿನ ಜೊತೆ ಏಳು ಹಳೇ ಕನ್ನಡ ಚಿತ್ರಗಳ ಡಿವಿಡಿ ತಂದರು. ಎಲ್ಲವೂ ಆಗಿನ ಕಾಲದಲ್ಲಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡವು. ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಯುಎಸ್‌ಬಿ ಡ್ರೈವ್ ಸಿಕ್ಕಿಸಿ ಒಂದನ್ನು ಹಾಕಿದೆ. ಪರದೆ ತುಂಬ ಹಸಿರು ಚೌಕಗಳು, ಆಮೇಲೆ ಅದೂ ಇಲ್ಲ. "ಡಿಸ್ಕ್ ಹಾಳಾಗಿದೆ, ಬಿಡಪ್ಪಾ" ಎಂದರು ಅಪ್ಪ. ಅನುಮಾನ ಬಂದು ತಂಗಿಯ ಮದುವೆಯ ಡಿವಿಡಿ ಹಾಕಿದೆ. ಧಾರೆಯಿಂದ ಊಟದ ಪಂಕ್ತಿಯವರೆಗೆ ಚೊಕ್ಕವಾಗಿ ಓಡಿತು!

ಅಂದರೆ ಡ್ರೈವ್ ಸರಿಯಿದೆ. ಮದುವೆ ಡಿವಿಡಿಗೆ ಬೀಗವಿಲ್ಲ. ಅಂಗಡಿಯ ಬಹಳಷ್ಟು ಡಿವಿಡಿಗಳಿಗೆ ಸಿಎಸ್‌ಎಸ್ ಎಂಬ ಬೀಗವಿದೆ. ಅದರ ಕೀಲಿ ಸಿಗುವುದು ಶುಲ್ಕ ಕಟ್ಟಿ ಪರವಾನಗಿ ಪಡೆದ ಕಂಪನಿಗಳಿಗೆ. ಪುಕ್ಕಟೆ ಹಂಚುವ ಲಿನಕ್ಸಿನವರು ಎಲ್ಲಿಂದ ತರಬೇಕು? ವಿಡಿಯೋಲ್ಯಾನ್ ತಂಡದ ಲಿಬ್‌ಡಿವಿಡಿಸಿಎಸ್‌ಎಸ್ ಆ ಬೀಗವನ್ನು ತಾನೇ ಬಿಚ್ಚುತ್ತದೆ. ಉಬುಂಟುವಿನಲ್ಲಿ ಅದು ಮೊದಲೇ ಇರುವುದಿಲ್ಲ. ಲಿಬ್‌ಡಿವಿಡಿ-ಪಿಕೆಜಿ ಎಂಬ ಪ್ಯಾಕೇಜ್ ಹಾಕಿ, ಡಿಪಿಕೆಜಿ-ರಿಕಾನ್ಫಿಗರ್ ಆಜ್ಞೆಯಿಂದ ಅದನ್ನು ಪೂರ್ತಿಗೊಳಿಸಿ, ವಿಎಲ್‌ಸಿ ಮತ್ತೆ ತೆರೆದೆ. ಚಿತ್ರ ಬಂತು.

ಇನ್ನೊಂದು ತೊಡಕು ಪ್ರದೇಶದ ಸಂಖ್ಯೆ. ಅಮೆರಿಕಕ್ಕೆ 1, ಭಾರತಕ್ಕೆ 5. ಹೊದಿಕೆಯ ಮೇಲೆ 'ಆಲ್' ಎಂದಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೂ ಆತುರದಿಂದ ಡ್ರೈವಿನ ಸಂಖ್ಯೆ ಬದಲಿಸಬೇಡಿ. ಐದೇ ಸಲ ಅವಕಾಶ, ಐದನೆಯದು ಶಾಶ್ವತ. ಊರಿನ ಡಿಸ್ಕ್‌ಗಳಿಗೆಂದೇ ಬೇರೊಂದು ಅಗ್ಗದ ಡ್ರೈವ್ ಇಟ್ಟುಕೊಳ್ಳುವುದು ಮೇಲು.

ನನಗೆ ಸಿಟ್ಟು ಬರುವುದು ತಾಂತ್ರಿಕ ತೊಡಕಿಗಲ್ಲ. 1998ರ ಡಿಎಂಸಿಎ ಕಾಯ್ದೆಯ ಪ್ರಕಾರ ಇಲ್ಲಿ ಬೀಗ ಬಿಚ್ಚುವುದೇ ತಪ್ಪು. ಡಿಸ್ಕ್ ನನ್ನದು ಎಂದರೆ ಸಾಲದು. ಲಿನಕ್ಸಿನಲ್ಲಿ ನೋಡಲು ವಿನಾಯಿತಿ ಕೊಡಿ ಎಂಬ ಕೋರಿಕೆಯನ್ನು 2006ರಲ್ಲಿ ತಳ್ಳಿಹಾಕಿದರು. ನೋಡಲು ಬೇರೆ ದಾರಿಗಳಿವೆಯಲ್ಲ ಎಂಬುದು ಅವರ ವಾದ. ನಾರ್ವೆಯಲ್ಲಿ ಹಾಗಾಗಲಿಲ್ಲ. 1999ರಲ್ಲಿ ಈ ಬೀಗ ಬಿಚ್ಚುವ ಡಿಸಿಎಸ್‌ಎಸ್ ಹೊರಬಂದಾಗ ಯಾನ್ ಲೆಕ್ ಯೊಹಾನ್ಸನ್ ಇನ್ನೂ 15ರ ಹುಡುಗ. ಅವನ ಮೇಲೆ ಮೊಕದ್ದಮೆ ಹೂಡಿದರು. 2003ರಲ್ಲಿ ಕೆಳಗಿನ ನ್ಯಾಯಾಲಯವೂ ಮೇಲ್ಮನವಿಯ ನ್ಯಾಯಾಲಯವೂ ಖುಲಾಸೆ ಮಾಡಿದವು. ಕೊಂಡ ಡಿಸ್ಕನ್ನು ತನಗೆ ಬೇಕಾದ ಯಂತ್ರದಲ್ಲಿ ನೋಡುವುದು ಅಪರಾಧವಲ್ಲ ಎಂಬ ಆ ತೀರ್ಪೇ ನನಗೆ ಸರಿ ಕಾಣುತ್ತದೆ. ಕಳ್ಳ ಪ್ರತಿಗೆ ಬೀಗವೇ ಇರುವುದಿಲ್ಲ. ಸಿಕ್ಕಿಬೀಳುವವರು ರಸೀದಿ ಇಟ್ಟುಕೊಂಡ ನಮ್ಮಪ್ಪನಂಥವರು!

ಆ ಏಳು ಚಿತ್ರಗಳಲ್ಲಿ ಎರಡು ನಾನು ಹುಡುಕಿದ ಯಾವ ಸ್ಟ್ರೀಮಿಂಗ್ ಸೇವೆಯಲ್ಲೂ ಸಿಗಲಿಲ್ಲ. ನಮ್ಮ ಮನೆಯ ಮಟ್ಟಿಗೆ ಇರುವುದು ಈ ಡಿಸ್ಕ್ ಮಾತ್ರ. ಅವೂ ವರ್ಷ ಕಳೆದಂತೆ ಸವೆಯುತ್ತವೆ.

ಆದ್ದರಿಂದ ಓಡಲಿಲ್ಲವೆಂದು ಕಸಕ್ಕೆ ಹಾಕುವ ಮುನ್ನ ಮನೆಯಲ್ಲೇ ತೆಗೆದ ಒಂದು ಡಿವಿಡಿ ಹಾಕಿ ಪರೀಕ್ಷಿಸಿ. ಅದು ಓಡಿದರೆ ನಿಮ್ಮ ಪೆಟ್ಟಿಗೆಯನ್ನು ರಾಜ್ಯೋತ್ಸವದ ದಿನ ತನ್ನಿ. ಊಟವಾದ ಮೇಲೆ ಒಟ್ಟಿಗೆ ಕೂತು ನೋಡೋಣ, ಡ್ರೈವ್ ನಾನು ತರುತ್ತೇನೆ.