ಮಗನ ಪರದೇಶದ ಓದಿಗೆ ಹೊಲ ಮಾರಬೇಕೆ?

2024ರ ಹಿಂಗಾರಿ ಕಡಲೆ ಬಿತ್ತಿ ಮುಗಿಸಿ ಕೂತಿದ್ದೆವು. ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಗ ದೀಪಾವಳಿಗೆ ಬಂದವನು, ಜರ್ಮನಿಗೆ ಎರಡು ವರ್ಷದ ಎಂ.ಎಸ್. ಓದಲು ಹೋಗುತ್ತೇನೆ ಎಂದ. ಅಲ್ಲಿ ಫೀ ಇಲ್ಲ ಅಂತಲೂ ಹೇಳಿದ. ಫೀ ಇಲ್ಲ ಅಂದಮೇಲೆ ಖರ್ಚೇನು, ವಿಮಾನದ ಚಾರ್ಜು ಅಷ್ಟೇ ಅಂದುಕೊಂಡೆ. ಏಳನೇತ್ತೆ ಓದಿದವನ ತಿಳುವಳಿಕೆ ಅಷ್ಟು. ತಿಂಗಳೊಳಗೆ ಕೆಳಗಿನ ಎರಡೆಕರೆ ಎರೆ ಹೊಲಕ್ಕೆ ಗಿರಾಕಿ ಹುಡುಕಲು ಶುರು ಮಾಡಿದ್ದೆ.

ಹೊಲ ಮಾರಲಿಲ್ಲ. ಮಗನೂ ಹೋದ. ಇದು ನಡುವೆ ಹೇಗಾಯಿತು ಅಂತ ನಮ್ಮ ಗದಗ ಸೀಮೆಯ ನಾಲ್ಕೈದು ರೈತರು ಮನೆಗೇ ಬಂದು ಕೇಳಿದರು. ಮಕ್ಕಳನ್ನು ತಯಾರು ಮಾಡಲು ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ ಬೇಕಾದಷ್ಟು ಕೋಚಿಂಗ್ ಇವೆ. ತಂದೆ-ತಾಯಿ ತಯಾರಾಗಲು ಒಂದೂ ಇಲ್ಲ. ಸಾಲದ ಕಾಗದಕ್ಕೆ ಸಹಿ ಹಾಕುವವರು ಮಾತ್ರ ನಾವು. ಅದಕ್ಕೇ ಬರೆಯುತ್ತಿದ್ದೇನೆ.

ಫೀ ಇಲ್ಲ ಅನ್ನೋದು ಪೂರಾ ಸುಳ್ಳಲ್ಲ, ಪೂರಾ ಖರೆನೂ ಅಲ್ಲ. ಜರ್ಮನಿಯ ಬಹಳಷ್ಟು ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಓದಿನ ಫೀ ಇಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ಎಂಬ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರದೇಶದವರಿಗೆ ಆರು ತಿಂಗಳಿಗೆ 1,500 ಯೂರೋ ಫೀ ಇದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಹೊಸದಾಗಿ ಸೇರುವ ಹೊರಗಿನವರಿಗೆ ಫೀ ಹಚ್ಚಿದೆ. ಖಾಸಗಿಯವಂತೂ ಕೇಳಲೇಬೇಡಿ. ಏಜೆಂಟರು ಖಾಸಗಿ ಕಾಲೇಜನ್ನೇ ಮುಂದೆ ಮಾಡುವುದು ಯಾಕೆ ಅಂತ ನಾನು ಹೇಳಬೇಕಿಲ್ಲ, ದಲಾಲಿ ಅಂಗಡಿ ಕಂಡವರಿಗೆ ಗೊತ್ತಾಗುತ್ತದೆ. ಡಿ.ಎ.ಎ.ಡಿ. ಎಂಬ ಜರ್ಮನಿಯ ಸಂಸ್ಥೆ ಯಾವ ಕೋರ್ಸು ಎಲ್ಲಿದೆ, ಫೀ ಎಷ್ಟು ಅನ್ನೋದನ್ನ ಪುಕ್ಕಟೆ ತಿಳಿಸುತ್ತದೆ. ಮಗ ಅದರಲ್ಲೇ ಹುಡುಕಿದ.

ಫೀ ಇಲ್ಲದಿದ್ದರೂ ವೀಸಾ ಕೊಡುವ ಮೊದಲು ಒಂದು ವರ್ಷದ ಊಟ, ಬಾಡಿಗೆಯ ರೊಕ್ಕ ತೋರಿಸಬೇಕು. ಅದು 11,904 ಯೂರೋ. ನಾವು ಕಟ್ಟುವಾಗ ಯೂರೋಕ್ಕೆ ನೂರು ರೂಪಾಯಿಯ ಆಸುಪಾಸು ಇತ್ತು, ಅಂದರೆ 12 ಲಕ್ಷ. ಈ ಹಣ ಬೀಗ ಹಾಕಿದ ಖಾತೆಯಲ್ಲಿರುತ್ತದೆ. ಹುಡುಗ ಅಲ್ಲಿಗೆ ಹೋದಮೇಲೆ ತಿಂಗಳಿಗೆ 992 ಯೂರೋದಂತೆ ಬಿಡುತ್ತಾರೆ. ಇದಲ್ಲದೆ ಓದಿದ ಕಾಗದ ಖರೆ ಅಂತ ಪರೀಕ್ಷಿಸುವ ಎ.ಪಿ.ಎಸ್. ಪ್ರಮಾಣಪತ್ರಕ್ಕೆ 18,000 ರೂಪಾಯಿ, ವೀಸಾಕ್ಕೆ 75 ಯೂರೋ, ವಿಮಾನ, ಚಳಿಯ ಬಟ್ಟೆ, ರೂಮಿನ ಮುಂಗಡ.

ಇಲ್ಲೇ ಒಬ್ಬ ಏಜೆಂಟ ನನಗೆ ಬುದ್ಧಿ ಹೇಳಿದ. "ಕಾಕಾ, ಹೊಲ ಯಾಕ ಮಾರ್ತೀರಿ? ನೂರಕ್ಕ ಮೂರರ ಬಡ್ಡಿಗೆ ರೊಕ್ಕ ಕೊಡಸ್ತೀನಿ. ಒಂದ ತಿಂಗಳು ತೋರಿಸಿ ತಿರುಗಿ ಕೊಟ್ಟಬಿಡ್ರಿ." ಇಂಗ್ಲೆಂಡಿನ ವೀಸಾಕ್ಕೆ ಹಣ 28 ದಿನ ಖಾತೆಯಲ್ಲಿ ಇದ್ದರಾಯಿತು ಅನ್ನೋ ನಿಯಮ ಇದೆ. ಅದನ್ನೇ ಹಿಡಿದು ಇವರು ದಂಧೆ ನಡೆಸುತ್ತಾರೆ. ತೋರಿಸಿದ ರೊಕ್ಕ ತಿರುಗಿ ಕೊಟ್ಟಮೇಲೆ ಹುಡುಗ ಅಲ್ಲಿ ಏನು ತಿನ್ನಬೇಕು? ಆ ರೊಕ್ಕ ಕೇಳುವುದು ನಮ್ಮನ್ನು ಸತಾಯಿಸಲಿಕ್ಕಲ್ಲ, ಅಷ್ಟು ಖರ್ಚು ಇದ್ದೇ ಇದೆ ಅಂತಲೇ ಕೇಳುತ್ತಾರೆ. ನಮ್ಮ ಪಕ್ಕದೂರಿನ ಒಬ್ಬರು ಹೀಗೆ ತೋರಿಸಿ ಕಳಿಸಿದರು. ಹುಡುಗ ಓದು ಬಿಟ್ಟು ಹೋಟೆಲಿನಲ್ಲಿ ಪಾತ್ರೆ ತೊಳೆದು, ಪರೀಕ್ಷೆ ಕೂರದೆ ತಿರುಗಿ ಬಂದ.

ಇನ್ನು ಬ್ಯಾಂಕಿನ ಸಾಲ. ಸರಕಾರಿ ಬ್ಯಾಂಕುಗಳು ಏಳೂವರೆ ಲಕ್ಷದವರೆಗೆ ಆಸ್ತಿಯ ಅಡವು ಕೇಳುವುದಿಲ್ಲ. ಮೇಲಾದರೆ ಕೇಳುತ್ತವೆ. ನಾನು ಆರೆಕರೆಯ ಉತಾರ ಹಿಡಕೊಂಡು ಹೋದೆ. ಮ್ಯಾನೇಜರು ಓದಿಯೂ ನೋಡದೆ ಬದಿಗಿಟ್ಟರು. ಸಿಟ್ಟು ಬಂತು. ಆಮೇಲೆ ತಿಳಿಯಿತು: ಸಾಲ ಮುಳುಗಿದರೆ ಕೋರ್ಟಿಗೆ ಹೋಗದೆ ಅಡವಿನ ಆಸ್ತಿ ಜಪ್ತಿ ಮಾಡುವ ಅಧಿಕಾರವನ್ನು 2002ರ ಸರ್ಫೇಸಿ ಕಾಯಿದೆ ಬ್ಯಾಂಕುಗಳಿಗೆ ಕೊಟ್ಟಿದೆ, ಆದರೆ ಅದರ 31ನೇ ಕಲಮು ಸಾಗುವಳಿ ಭೂಮಿಯನ್ನು ಹೊರಗಿಟ್ಟಿದೆ. ಅದಕ್ಕೆ ಇಂಥ ಸಾಲಕ್ಕೆ ಅವರಿಗೆ ಹೊಲ ಬೇಡ, ಮನೆ ಅಥವಾ ಎನ್.ಎ. ಆದ ಪ್ಲಾಟು ಬೇಕು. ಆವತ್ತು ಬೈದುಕೊಂಡ ಆ ಕಲಮಿಗೆ ಈಗ ಕೈ ಮುಗಿಯುತ್ತೇನೆ.

ಹಳ್ಳಿಯ ಮನೆಗೆ ಇ-ಸ್ವತ್ತಿನ 9 ಮತ್ತು 11ನೇ ನಮೂನೆ ಇರಬೇಕು. ನಮ್ಮದು ಇರಲಿಲ್ಲ. ಅದನ್ನು ಮಾಡಿಸಲು ಪಂಚಾಯ್ತಿಗೆ ಎರಡು ತಿಂಗಳು ಅಲೆದೆ. ಮನೆಯ ಕಿಮ್ಮತ್ತು ಸಾಲದೆ ನಮ್ಮ ಮನೆಯವಳ ತಮ್ಮನ ಗದಗಿನ ಪ್ಲಾಟನ್ನೂ ಕೊಡಬೇಕಾಯಿತು. ಅವನು ಒಂದು ಮಾತು ಹೇಳಿದ: "ಸಹಿ ಹಾಕ್ತೀನಿ ಮಾಮಾ, ಆದ್ರ ಹುಡುಗನ ಎದುರಿಗೇ ಹಾಕ್ತೀನಿ." ಹುಡುಗ ಬೆಂಗಳೂರಿನಿಂದ ಬಂದು ಎದುರಿಗೆ ಕೂತ. ಮಾವ ಸಹಿ ಹಾಕುವುದನ್ನು ನೋಡಿದ.

ಹೆಸರುಗಳ ತಂಟೆ ಬೇರೆ. ಉತಾರದಲ್ಲಿ ನಾನು ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಮಗನ ಹತ್ತನೇತ್ತೆ ಮಾರ್ಕ್ಸ್ ಕಾರ್ಡಿನಲ್ಲಿ ಮತ್ತೊಂದು. ನಮ್ಮ ಕಡೆ ಅಡ್ಡಹೆಸರು ಒಮ್ಮೆ ಹಚ್ಚುತ್ತಾರೆ, ಒಮ್ಮೆ ಬಿಡುತ್ತಾರೆ. ಮಕ್ಕಳು ಪಿಯುಸಿಯಲ್ಲಿದ್ದಾಗಲೇ ಇದನ್ನು ಸರಿಪಡಿಸಿಕೊಂಡರೆ ಕೊನೆಗೆ ಒದ್ದಾಟ ತಪ್ಪುತ್ತದೆ. ನಮಗೆ ಇನ್‌ಕಮ್ ಟ್ಯಾಕ್ಸ್ ಕಾಗದ ಇರುವುದಿಲ್ಲ, ಒಕ್ಕಲುತನದ ಹುಟ್ಟುವಳಿಗೆ ತೆರಿಗೆ ಇಲ್ಲವಲ್ಲ. ಹಾಗಾಗಿ ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಮಾಲು ಮಾರಿದ ಪಟ್ಟಿಗಳು, ಬ್ಯಾಂಕಿಗೆ ಹಣ ಜಮಾ ಆದ ಲೆಕ್ಕ, ಇವೇ ನಮ್ಮ ಸಾಕ್ಷಿ. ಪಟ್ಟಿಯನ್ನು ಜೇಬಿನಲ್ಲಿ ಮಡಚಿ ಅಂಗಿ ಒಗೆಯುವಾಗ ಕಳೆಯುವವರು ನಾವು. ಬೆಳೆಸಾಲ ಕಟಬಾಕಿ ಇದ್ದರೆ ಅದೂ ಎದ್ದು ಕಾಣುತ್ತದೆ. ಸಾಲಮನ್ನಾ ಆಗುತ್ತದೆ ಅಂತ ಕಾಯುತ್ತ ಕೂತವರಿಗೆ ಇಲ್ಲಿ ಪೆಟ್ಟು ಬೀಳುತ್ತದೆ.

ಈಗ ಮುಖ್ಯ ಲೆಕ್ಕಕ್ಕೆ ಬರುತ್ತೇನೆ. ನಾವು ತೆಗೆದದ್ದು 15 ಲಕ್ಷ. ಬಡ್ಡಿ ಶೇ. 10 ಅಂತ ಹಿಡಿಯಿರಿ. ಓದುವ ಎರಡು ವರ್ಷ, ಮೇಲೆ ಒಂದು ವರ್ಷ ಕಂತು ಇಲ್ಲ. ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ವರ್ಷಕ್ಕೆ ಒಂದೂವರೆ ಲಕ್ಷದಂತೆ ಮೂರು ವರ್ಷಕ್ಕೆ ನಾಲ್ಕೂವರೆ ಲಕ್ಷ ಬೆಳೆದು ಸಾಲ 19.5 ಲಕ್ಷ ಆಗುತ್ತದೆ. 15 ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 21,000, ವರ್ಷಕ್ಕೆ ಎರಡೂವರೆ ಲಕ್ಷ. ನನ್ನ ಆರೆಕರೆಯಲ್ಲಿ ಎಕರೆಗೆ ಐದು ಕ್ವಿಂಟಲ್ ಕಡಲೆ ಬಂದರೆ 30 ಕ್ವಿಂಟಲ್. 2025ರ ಸುಗ್ಗಿಗೆ ಬೆಂಬಲ ಬೆಲೆ 5,650 ರೂಪಾಯಿ ಇತ್ತು. ಪೂರಾ ಮಾಲು ಅದೇ ದರಕ್ಕೆ ಹೋದರೂ ಒಂದು ಲಕ್ಷ ಎಪ್ಪತ್ತು ಸಾವಿರ ಮುಟ್ಟುವುದಿಲ್ಲ. ಬೀಜ, ಗೊಬ್ಬರ, ಆಳು, ಮನೆಯ ಜೋಳ ಯಾವುದನ್ನೂ ಕಳೆಯದೆ ಹೇಳುತ್ತಿದ್ದೇನೆ. ಈ ಸಾಲವನ್ನು ಹೊಲ ತೀರಿಸಲಾರದು. ಹುಡುಗನೇ ತೀರಿಸಬೇಕು.

ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ಮಗನ ಮುಂದಿಟ್ಟೆ. ಅವನಿಗೆ ಯೂರೋ ಲೆಕ್ಕ ಗೊತ್ತಿತ್ತು, ಕಡಲೆ ಲೆಕ್ಕ ಗೊತ್ತಿರಲಿಲ್ಲ. ತಪ್ಪು ನಮ್ಮದೇ. ಮಕ್ಕಳಿಗೆ ಕಷ್ಟ ತಿಳಿಯಬಾರದು ಅಂತ ಮುಚ್ಚಿಟ್ಟು ಬೆಳೆಸುತ್ತೇವೆ. ಆಮೇಲೆ ಅವರಿಗೆ ನಮ್ಮ ಪರಿಸ್ಥಿತಿ ತಿಳಿಯುವುದಿಲ್ಲ ಅಂತ ಬೈಯುತ್ತೇವೆ. ಅವನು ರಾತ್ರಿಯೆಲ್ಲ ಯೋಚಿಸಿ, ಆರು ತಿಂಗಳು ಕೆಲಸ ಮಾಡುತ್ತಲೇ ಜರ್ಮನ್ ಭಾಷೆ ಕಲಿಯುತ್ತೇನೆ ಅಂದ. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಅಲ್ಲಿ ಕೆಲಸ ಸಿಗಲು ಅವರ ಭಾಷೆ ಬೇಕಂತೆ. ಓದುವಾಗ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅಲ್ಲಿ ಅವಕಾಶವಿದೆ. ಎರಡನೇ ವರ್ಷಕ್ಕೆ ಅದೇ ಆಧಾರ, ಜೊತೆಗೆ ಅವನು ಉಳಿಸಿದ ಮೂರು ಲಕ್ಷ.

ಹೊಲ ಮಾರಿದರೆ ಬಡ್ಡಿಯ ರಗಳೆಯೇ ಇಲ್ಲವಲ್ಲ ಅಂತ ಕೇಳುವವರಿದ್ದಾರೆ. ನಾನೂ ಹಾಗೇ ಅಂದುಕೊಂಡವನು. ಮಾರಿದ ಹೊಲ ತಿರುಗಿ ಬರುವ ಕಾಲ ಇದಲ್ಲ. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದು, ರೈತರಲ್ಲದವರು ಸಾಗುವಳಿ ಭೂಮಿ ಕೊಳ್ಳಲು ಇದ್ದ ತಡೆ ತೆಗೆದರು. ನನ್ನ ಹೊಲ ನೋಡಲು ಬಂದವರಲ್ಲಿ ಒಬ್ಬನೂ ಕೂರಿಗೆ ಹಿಡಿದವನಲ್ಲ. ಮಗ ಗೆದ್ದರೆ ಸಾಲ ತೀರುತ್ತದೆ, ಹೊಲವೂ ಇರುತ್ತದೆ. ಸೋತರೆ ಮನೆ, ಪ್ಲಾಟಿಗೆ ಕುತ್ತು ಬರಬಹುದು, ಆದರೂ ಅವನಿಗೆ ತಿರುಗಿ ಬರಲು ಒಂದು ಜಾಗ, ನಮಗೆ ಜೋಳದ ಚೀಲ ಉಳಿಯುತ್ತದೆ. ಮಾರಿ ಕಳಿಸಿದರೆ ಆ ಹುಡುಗ ಸೋಲುವ ಹಾಗೇ ಇಲ್ಲ. ಇಪ್ಪತ್ತೈದರ ಹುಡುಗನ ತಲೆ ಮೇಲೆ ಅಷ್ಟು ಭಾರ ಹೊರಿಸಬಾರದು.

ಹೊಲವೇ ಇಲ್ಲದವರಿಗೂ ದಾರಿ ಇದೆ. ಕೇಂದ್ರ ಸರಕಾರದ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್ಪು ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕೂಲಿಕಾರರು, ಪಾರಂಪರಿಕ ಕುಶಲಕರ್ಮಿಗಳ ಮಕ್ಕಳಿಗಿದೆ. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು. ಸೀಟು ಕಡಿಮೆ, ಆದರೆ ಅರ್ಜಿ ಹಾಕುವವರಾದರೂ ಎಷ್ಟು ಜನ? ನನಗೆ ಭೇಟಿಯಾದ ಯಾವ ಏಜೆಂಟನೂ ಇದರ ಹೆಸರು ಎತ್ತಲಿಲ್ಲ.

ಡಾಕ್ಟರಿ ಓದಿಗೆ ಕಳಿಸುವವರಿಗೆ ಬೇರೆ ಮಾತು. 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಶೆಲ್ ದಾಳಿಗೆ ಸತ್ತ. ಹೆಣ ಊರಿಗೆ ಬರಲು ಮೂರು ವಾರ ಹಿಡಿಯಿತು. ಯುದ್ಧವನ್ನು ಯಾರೂ ಮೊದಲೇ ಕಾಣಲಾರರು, ಆ ತಂದೆ-ತಾಯಿಯನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಕಾಣುವಂಥವನ್ನಾದರೂ ನೋಡಬೇಕು. ನೀಟ್ ಪಾಸಾಗದೆ ಹೋದರೆ ಆ ಓದು ಇಲ್ಲಿ ನಡೆಯುವುದಿಲ್ಲ. 2021ರ ನವೆಂಬರಿನ ನಿಯಮದ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷಿನಲ್ಲಿರಬೇಕು, 12 ತಿಂಗಳ ಇಂಟರ್ನ್‌ಶಿಪ್ಪು ಅಲ್ಲೇ ಆಗಬೇಕು. ತಿರುಗಿ ಬಂದು 300 ಅಂಕದ ಪರೀಕ್ಷೆಯಲ್ಲಿ 150 ತೆಗೆಯಬೇಕು. ಕೂತವರಲ್ಲಿ ಬಹುಪಾಲು ಜನ ಫೇಲಾಗುವ ಪರೀಕ್ಷೆ ಅದು. ಏಜೆಂಟನ ಮುಂದೆ ಈ ನಾಲ್ಕು ಪ್ರಶ್ನೆ ಇಟ್ಟು ಅವನ ಮುಖ ನೋಡಿರಿ.

2025ರ ಆಗಸ್ಟ್ ಮಳೆಗೆ ನಮ್ಮ ಹೆಸರು ಗಿಡದಲ್ಲೇ ಮೊಳಕೆ ಒಡೆಯಿತು. ಮಗ ಹೊರಡಲು ತಿಂಗಳಿತ್ತು. "ಅವಗ ಹೇಳಬ್ಯಾಡ್ರಿ, ಮನಸ್ಸು ಸಣ್ಣ ಮಾಡ್ಕೋತಾನ" ಅಂದಳು ನಮ್ಮ ಮನೆಯಾಕೆ. ನಾನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಸಾ ಲ್ಯಾಪ್‌ಟಾಪ್ ಬ್ಯಾಡ ಬಿಡಪಾ, ಹಳೇದು ನಡೀತೈತಿ" ಅಂದ.

ಈಗ ರವಿವಾರ ರಾತ್ರಿ ಒಂಬತ್ತಕ್ಕೆ ಫೋನು ಮಾಡುತ್ತಾನೆ. ಅಲ್ಲಿ ಇನ್ನೂ ಸಂಜೆ. ವಾರದ ಖರ್ಚು ಓದುತ್ತಾನೆ, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ನಾನು ಮಳೆ, ದರ ಹೇಳುತ್ತೇನೆ. ಆಮೇಲೆ ಫೋನು ಅವರ ಅವ್ವನ ಕೈಗೆ ಹೋಗುತ್ತದೆ. ಅಲ್ಲಿಂದ ಮುಂದೆ ಪೂರಾ ಅಡಿಗೆಯ ಮಾತು, ಅದು ನನ್ನ ನೋಟ್‌ಬುಕ್ಕಿಗೆ ಬರುವುದಿಲ್ಲ.